ಕಿಟಕಿಯಲ್ಲಿ ನಿಂತವಳು

ಬೆಲ್‌ವಿಲ್, ಪ್ಯಾರಿಸ್
ನವೆಂಬರ್ 14, 1866

ಅನ್ಸೆಲ್ಮ್,

ಪ್ರೀತಿಯ ಎಂದು ಬರೆಯಲೋ ಬೇಡವೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಅಂಗಡಿಗಳ ಬೋರ್ಡು ಬರೆಯುವ ಕೆಲಸ ಬಿಟ್ಟು, ಹೆಂಡತಿಯನ್ನೂ ಬಿಟ್ಟು ಹೋಗಿ ಮೂರು ವರ್ಷವಾದವನಿಗೆ ಹೇಗೆ ಬರೆಯಬೇಕು?

ಕಳೆದ ವಾರ ಒಗೆದ ಬಟ್ಟೆ ಕೊಟ್ಟು ಬರುವಾಗ, ನದಿದಂಡೆಯ ಚಿತ್ರದಂಗಡಿಯಲ್ಲಿ ಒಂದು ಅಚ್ಚಿನ ಚಿತ್ರದಲ್ಲಿ ನಮ್ಮ ಬೀದಿಯನ್ನು ಕಂಡೆ. ಹೊಸ ರಸ್ತೆಗಾಗಿ ಅರ್ಧ ಕೆಡವಿದ ಮನೆಗಳು, ಗುದ್ದಲಿ ಹಿಡಿದ ಆಳುಗಳು, ಗೋಡೆಯಲ್ಲಿ ಉಳಿದ ಒಲೆಯ ಮಸಿ. ಆದರೆ ಕಾರಂಜಿಯ ಎಡಕ್ಕಿದ್ದ ನಮ್ಮ ಮನೆ ಬಲಕ್ಕಿತ್ತು. ಬೇರೆ ಬೀದಿಯೇನೋ ಅಂದುಕೊಂಡರೆ ಕೆಳಗೆ ಮೂಲೆಯಲ್ಲಿ ನಿನ್ನ ಹೆಸರು.

ಅಂಗಡಿಯ ಮುದುಕ ನಕ್ಕ. "ತಾಮ್ರದ ತಗಡಿನ ಮೇಲೆ ಕೊರೆದದ್ದು ಕಾಗದಕ್ಕೆ ಬರುವಾಗ ಎಡ ಬಲ ಆಗುತ್ತಮ್ಮ. ಹೆಸರೊಂದನ್ನೇ ತಿರುಗಿಸಿ ಕೊರೆದಿರ್ತಾರೆ. ಮನೇಲಿ ಕನ್ನಡಿಗೆ ಹಿಡಿದು ನೋಡಿ, ಸರಿಹೋಗುತ್ತೆ" ಅಂದ.

ಕೊಂಡು ತಂದು ಹಿಡಿದೆ. ಬೀದಿ ಸರಿಹೋಯಿತು, ನನ್ನ ತಲೆ ಕೆಟ್ಟಿತು. ಮೂರನೇ ಮಹಡಿಯ ನಮ್ಮ ಕಿಟಕಿಯಲ್ಲಿ ಒಬ್ಬ ಹೆಂಗಸಿದ್ದಾಳೆ. ಯಾರವಳು? ನಾನು ಈ ಮಾರ್ಚ್‌ನಲ್ಲೇ ಎಲ್ಲರ ಜೊತೆ ಮನೆ ಖಾಲಿ ಮಾಡಿದ್ದೆ. ಕೆಡವಿದ್ದು ಏಪ್ರಿಲ್‌ನಲ್ಲಿ. ನೀನು ನೆನಪಿನಿಂದ ನನ್ನನ್ನು ಬರೆದೆ ಅಂದುಕೊಳ್ಳೋಣವೆಂದರೆ ಕನ್ನಡಿಯಲ್ಲಿ ಅವಳ ಬಲಗೈಗೆ ಪಟ್ಟಿ ಕಟ್ಟಿದೆ. ನನ್ನ ಬಲಗೈ ಕುದಿನೀರಿಗೆ ಬೆಂದದ್ದು ಈ ವರ್ಷದ ಆರಂಭದಲ್ಲಿ, ನೀನು ಹೋದ ಎಷ್ಟೋ ಕಾಲದ ಮೇಲೆ.

ಜೊತೆಗೆ ಬಟ್ಟೆ ಒಗೆಯುವ ಕ್ಲೆಮಾಂಸ್‌ಗೆ ತೋರಿಸಿದೆ. "ನಿನ್ನನ್ನ ಕಿಟಕೀಲಿ ನೋಡಿದ್ರೆ ಅವನು ಮೇಲೆ ಬರ್ತಿರಲಿಲ್ವೇನೇ? ಯಾವಳನ್ನೋ ಚಂದಕ್ಕೆ ನಿಲ್ಸಿದಾನೆ, ಬಿಡು" ಅಂದಳು. ಎರಡು ದಿನ ಅವಳಿಂದ ದೂರ ಕೂತು ಬಟ್ಟೆ ಒಗೆದೆ.

ನೀನು ಅಲ್ಲಿಗೆ ಬಂದಿದ್ದೆಯಾ? ಬಂದಿದ್ದರೆ ಸಿಟ್ಟಾಗಬೇಕೋ ಸಂತೋಷಪಡಬೇಕೋ ಗೊತ್ತಾಗುತ್ತಿಲ್ಲ. ಸೋಮವಾರ ಚಿತ್ರದಂಗಡಿಗೆ ಬರುತ್ತೀಯಂತೆ, ಮುದುಕ ಹೇಳಿದ. ಈ ಕಾಗದವನ್ನು ಅವನ ಕೈಯಲ್ಲಿ ಕೊಟ್ಟಿರುತ್ತೇನೆ. ಅವಳು ಯಾರೆಂದು ಒಂದು ಸಾಲು ಬರೆ, ಸಾಕು.

ಇನ್ನೂ ನಿನ್ನ ಮನೆತನದ ಹೆಸರನ್ನೇ ಇಟ್ಟುಕೊಂಡಿರುವ,
ಅಪೊಲಿನ್

ಮತ್ತೊಂದು ಮಾತು: ಮಾರ್ಚ್ ಎಂದದ್ದು ಸುಳ್ಳು. ಎಲ್ಲರೂ ಹೋದ ಮೇಲೂ ನಾನೊಬ್ಬಳೇ ಉಳಿದಿದ್ದೆ. ನೀನು ಬಂದರೆ ತಟ್ಟಲು ಬಾಗಿಲಾದರೂ ಇರಲಿ ಎಂದು. ಪಕ್ಕದ ಗೋಡೆ ಬಿದ್ದ ದಿನ ಆಳುಗಳು ಕೈಹಿಡಿದು ಇಳಿಸಿದರು. ಅಲ್ಲಿಯವರೆಗೂ ಕಿಟಕಿ ಬಿಟ್ಟು ಕದಲದೆ ಬೀದಿಯನ್ನೇ ನೋಡುತ್ತಿದ್ದೆ. ಅಷ್ಟೊಂದು ಧೂಳಿನಲ್ಲಿ ನೀನು ಎಲ್ಲಿ ನಿಂತಿದ್ದೆ, ಅನ್ಸೆಲ್ಮ್?