ಉಜ್ಜಿದರೂ ಬಿಡದ ನೀಲಿ

ಮಾರ್ಚ್ ೧೧, ಮಂಗಳವಾರ

ಇವರ ಉಗುರಿನ ನೀಲಿ ತೊಟ್ಟಿಯ ಬಣ್ಣವಲ್ಲವೆಂದು ನನಗೇಕೆ ಹೊಳೆಯಲಿಲ್ಲ? ಇದೊಂದೇ ತಲೆ ತಿನ್ನುತ್ತಿದೆ.

ಬಟ್ಟೆಗೆ ಬಣ್ಣ ಹಾಕುವವರ ಮನೆಯಲ್ಲಿ ನೀಲಿ ಉಗುರನ್ನು ಯಾರು ತಿರುಗಿ ನೋಡುತ್ತಾರೆ? ಆದರೆ ಉಬ್ಬಸವೆಂದು ಇವರು ತೊಟ್ಟಿಯ ಹತ್ತಿರ ಹೋಗದೆ ತಿಂಗಳಾಗಿತ್ತು. ನಾನೋ, ಡಾಕ್ಟರ ಮುಂದೆ ಮರ್ಯಾದೆ ಹೋಗಬಾರದೆಂದು ಬೆಳಿಗ್ಗೆ ಕೂತು ಬ್ರಷ್ಷಿನಲ್ಲಿ ಗಸಗಸ ಉಜ್ಜಿದೆ.

"ಸಾಕು ಬಿಡೇ, ನನಗೇನು ಇನ್ನೊಂದು ಮದುವೆ ಮಾಡಿಸ್ತೀಯಾ?" ಎಂದರು, ಅಷ್ಟಕ್ಕೇ ಏದುಸಿರು ಬಿಡುತ್ತಾ.

ಡಾಕ್ಟರಮ್ಮ ಬೆರಳಿಗೆ ಕ್ಲಿಪ್ ಹಾಕಿದರು. ಅಂಕಿ ತೀರಾ ಕಡಿಮೆ ಬಂತು. "ಬಣ್ಣದ ಕೈ ಅಲ್ವಾ, ಅದಕ್ಕೇ ಇರ್ಬೇಕು" ಎಂದೆ, ಎಲ್ಲ ತಿಳಿದವಳಂತೆ. ಅವರು ಕ್ಲಿಪ್ ತೆಗೆದು ಕಿವಿಗೆ ಹಾಕಿದರು. ಅಂಕಿ ಏರಲಿಲ್ಲ. "ನಾಲಿಗೆ ತೋರಿಸಿ" ಎಂದರು. ನಾಲಿಗೆಯೂ ನೀಲಿ.

"ನಾಲಿಗೇನ ಯಾರೂ ತೊಟ್ಟಿಗೆ ಅದ್ದಲ್ಲಮ್ಮ. ರಕ್ತದಲ್ಲಿ ಆಕ್ಸಿಜನ್ ಸಾಲ್ತಿಲ್ಲ. ಈಗಲೇ ಅಡ್ಮಿಟ್ ಮಾಡ್ಬೇಕು."

ಇವರು ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾರೆ. ಜೊತೆಗಿರುತ್ತೇನೆಂದರೂ ಬಿಡದೆ ನನ್ನನ್ನು ಮನೆಗೆ ಅಟ್ಟಿದರು. ನೂಲಿನ ಎಳೆ ನೋಡಿ ಎಷ್ಟು ಸಲ ಅದ್ದಿದ್ದೆಂದು ಹೇಳುವವಳು ನಾನು. ದಿನಾ ಎದುರಿಗೇ ಕೂತು ಉಣ್ಣುವವರ ತುಟಿ ನನ್ನ ಕಣ್ಣಿಗೆ ಬೀಳಲಿಲ್ಲ.

ಮಲಗಿದೆ, ಎದ್ದೆ, ಮತ್ತೆ ಮಲಗಿದೆ. ಕೊನೆಗೆ ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿದೆ. ಕೆಂಪಗಿದೆ, ಹಾಳಾದ್ದು. ಸಮಾಧಾನವಾಗುವ ಬದಲು ಅಳು ಬಂತು. ಬೆಳಗಾದ ಕೂಡಲೇ ಹೋಗಿ, ಮಾತಾಡಿಸುವುದಕ್ಕೂ ಮೊದಲು ಇವರ ಬಾಯಿ ತೆಗೆಸಿ ನಾಲಿಗೆ ನೋಡಬೇಕು.