ಸಾಮಾನಿನ ಪುಟದಲ್ಲಿದ್ದ ಹೆಪಾರಿನ್

ಗದಗ,
ಫೆಬ್ರವರಿ ಮೂವತ್ತು, 2191

ಪೂಜ್ಯ ನೀಲವ್ವ ಸಿಸ್ಟರ್ ಅವರಿಗೆ, ನಿಮ್ಮ ಮರಿಮಗಳ ಮರಿಮಗಳು ಇರಾವತಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ರಜೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನೂ ನಿಮ್ಮಂತೆ ನರ್ಸ್. ಕೂತಲ್ಲಿ ಕೂರಲಾಗದೆ ವಾರ್ಡಿನ ಕಿಟಕಿಯ ಬಳಿ ನಿಂತೇ ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿಯೊಬ್ಬರ ಮುಂಗೈಯ ಚರ್ಮದಡಿ ‘ರಕ್ತಚೀಟಿ’ ಇರುತ್ತದೆ. ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದೆಲ್ಲ ಅದರಲ್ಲಿ. ಮಂಚದ ತಲೆದೆಸೆಯಲ್ಲಿ ‘ನೆರಳಮ್ಮ’, ಅಂದರೆ ಆ ಚೀಟಿ ಓದಿ, ಒಗ್ಗದ ಔಷಧಿ ಬಂದರೆ ಕೂಗಿ ರಂಪ ಮಾಡುವ ಯಂತ್ರ. ಗಂಜಿಗೆ ಉಪ್ಪು ಹೆಚ್ಚಾದರೂ ಗೊಣಗುತ್ತಾಳೆ. ಇಷ್ಟಾಗಿಯೂ ಹಂದಿಯ ಕರುಳಿನಿಂದ ತೆಗೆಯುವ ನಿಮ್ಮ ಹೆಪಾರಿನ್ ಅನ್ನು ನಾವಿನ್ನೂ ಬಿಟ್ಟಿಲ್ಲ. ನಗಬೇಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಈಗಲೂ ಅದೇ ನಮ್ಮ ಕೈಗೆ ಮೊದಲು ಬರುವುದು.

ನನ್ನ ತಂಗಿ ಹೇಮಲತೆ ಮಕ್ಕಳಿಗೆ ಓಟ ಕಲಿಸುವ ಟೀಚರ್. ಮೊಣಕಾಲಿನ ಆಪರೇಷನ್ ಆಯಿತು. ಅವಳಿಗೆ ಹೆಪಾರಿನ್ ಆಗುವುದಿಲ್ಲ. ಪ್ಲೇಟ್‌ಲೆಟ್ ಕುಸಿದು, ರಕ್ತ ತೆಳುವಾಗುವ ಬದಲು ಮೈಯೊಳಗೇ ಹೆಪ್ಪುಗಟ್ಟುತ್ತದೆ. ಚೀಟಿಯಲ್ಲಿತ್ತು, ನನಗೂ ಗೊತ್ತಿತ್ತು. ಆದರೂ ಅವಳ ಕೈಗೆ ಹಾಕಿದ ನಳಿಗೆ ಕಟ್ಟಿಕೊಳ್ಳದಿರಲೆಂದು ದಿನಕ್ಕೆರಡು ಸಲ ಇಷ್ಟೇ ಇಷ್ಟು ಹೆಪಾರಿನ್ ನೀರು ಬಿಟ್ಟು ತೊಳೆದೆ. ನಾನೇ ತೊಳೆದೆ! ನೆರಳಮ್ಮ ತುಟಿ ಬಿಚ್ಚಲಿಲ್ಲ. ಏಕೆಂದರೆ ಆ ಸೀಸೆ ಔಷಧಿಯ ಪಟ್ಟಿಯಲ್ಲಿಲ್ಲ. ಹತ್ತಿ, ಪ್ಲಾಸ್ಟರ್‌ಗಳ ಜೊತೆ ಸಾಮಾನಿನ ಪಟ್ಟಿಯಲ್ಲಿದೆ. ಯಾರು ಹಾಗೆ ಬರೆದರೆಂದು ಹುಡುಕುತ್ತ ಹೋದರೆ ನಿಮ್ಮ ಕಾಲದ, ವಾರ್ಡಿಗೆ ಬೇಕಾದ್ದನ್ನು ಬರೆದು ತರಿಸುವ ಇಂಡೆಂಟ್ ಪುಸ್ತಕ ಸಿಕ್ಕಿತು, ನಿಮ್ಮದೇ ಅಕ್ಷರ. ಇವತ್ತಿನ ಪಟ್ಟಿಯೂ ಅದರ ನಕಲಿನ ನಕಲೇ. ನಮ್ಮ ಮನೆಯ ನರ್ಸುಗಳೆಲ್ಲ ತಲೆತಲಾಂತರದಿಂದ ಹೇಳಿಕೊಟ್ಟದ್ದೂ ಒಂದೇ ಮಾತು: “ಅದೇನ್ ಔಷಧ ಅಲ್ಲಬಿಡವಾ, ನಳಿಗಿ ತೊಳಿಯೂ ನೀರು.” ನಿಮ್ಮ ಮೇಲೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಮೂರನೆಯ ದಿನ ಅವಳ ಕಾಲು ಊದಿ ಬಣ್ಣಗೆಟ್ಟಿತು. ಡಾಕ್ಟರು ನಳಿಗೆ ತೊಳೆಯುವುದನ್ನೂ ಸೇರಿಸಿ ಹೆಪಾರಿನ್ ಪೂರ್ತಿ ನಿಲ್ಲಿಸಿದರು. ರಕ್ತ ತೆಳುವಾಗಿಸುವ ಬೇರೆ ಜಾತಿಯ ಗುಳಿಗೆ ಬಾಯಿಗೆ ಶುರುಮಾಡಿದರು. ಪ್ಲೇಟ್‌ಲೆಟ್ ಏರುತ್ತಿವೆ. ಕಾಲು ಉಳಿಯುವುದೋ ಇಲ್ಲವೋ, ಯಾರೂ ಬಾಯಿಬಿಡುತ್ತಿಲ್ಲ. ಇವತ್ತೇ ಹತ್ತು ಸಲ ಹೊದಿಕೆ ಸರಿಸಿ ಪಾದ ಮುಟ್ಟಿ ನೋಡಿದೆ. ಬೆಚ್ಚಗಿದೆಯೋ ತಣ್ಣಗಿದೆಯೋ, ನನ್ನ ಬೆರಳನ್ನೇ ನಂಬಲಾಗುತ್ತಿಲ್ಲ.

ಸಿಸ್ಟರ್, ನಾಳೆ ಡ್ಯೂಟಿಗೆ ಹೋದ ಕೂಡಲೇ ಆ ಒಂದು ಸಾಲು ಹೊಡೆದುಹಾಕಿ ಔಷಧಿಯ ಪುಟದಲ್ಲಿ ಬರೆಯಿರಿ. ಕಾಲಿಗೆ ಬಿದ್ದು ಕೇಳುತ್ತೇನೆ. ನಿಮ್ಮ ಮಗಳಿಗೆ ಕಲಿಸುವಾಗಲೂ ಆ ಸೀಸೆಯ ಹೆಸರನ್ನು ಗಟ್ಟಿಯಾಗಿ ಓದಿಸಿ.

ಇಷ್ಟು ಬರೆಯುವಷ್ಟರಲ್ಲಿ ಗುಳಿಗೆಯ ಹೊತ್ತಾಯಿತು. ಕೊಡಲು ಹೋದರೆ ಹೇಮಲತೆ ಕೈ ಚಾಚಲಿಲ್ಲ. “ಮೊದ್ಲ ಹೆಸರ ಓದಕ್ಕಾ,” ಅಂದಳು. ಓದಿದೆ. ಗುಳಿಗೆ ಬಾಯಿಗೆ ಹಾಕಿಕೊಂಡಳು. ಲೋಟ ಕೊಟ್ಟರೆ, “ಇದರಾಗೇನೈತಿ?” ಅಂದಳು.

“ನೀರವ್ವಾ, ಬರೇ ನೀರು,” ಅಂದೆ.

ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಇನ್ನೂ ಕುಡಿದಿಲ್ಲ.

ಇರಾವತಿ