ನಾಲ್ಕನೆಯ ಚೀಲ

ನಾಲವಾರ
24 ನವೆಂಬರ್ 2024, ಐತವಾರ

ಮುದ್ದಿನ ಮಗಳು ಲುಂಬಿನಿಗೆ,

ನಿನ್ನ ಅವ್ವನ ಜೈಭೀಮ್, ಆಶೀರ್ವಾದ. ಚಂದಾಪುರದಲ್ಲಿ ನೀನೂ ಅಳಿಯಂದಿರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಫೋನಿರುವಾಗ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಿ ನಾನು ಒಂದು ಮಾತು ಆಡುವುದರೊಳಗೆ ನೀನು ನಾಲ್ಕು ಆಡುತ್ತೀ, ಕೊನೆಗೆ ಅತ್ತುಬಿಡುತ್ತೀ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು.

ಮೊದಲು ಸುದ್ದಿ ಕೇಳು. ನಾನು ಅಂಗನವಾಡಿ ಕೆಲಸ ಬಿಟ್ಟು ನಿನ್ನ ಮನೆಗೆ ಬರುವುದಿಲ್ಲ. ನಾಲ್ಕನೆಯ ಚೀಲ ಬೇಡವೆಂದು ಡಾಕ್ಟರಮ್ಮ ರಾಜೇಶ್ವರಿ ಹೇಳಿದ್ದಾರೆ. ಮೂರೇ ಸಾಕು!

ಹೋದ ತಿಂಗಳು ನಾಲ್ಕು ಬೇಕೆಂದವರೂ ಅವರೇ ಎಂದು ನೀನು ಬೈಯಲು ಹೊರಡುತ್ತೀ, ಗೊತ್ತು. ಬೈಯಬೇಡ. ತಪ್ಪು ನನ್ನದು.

ಕಿಡ್ನಿ ಕೈಕೊಟ್ಟ ಮೇಲೆ ನನ್ನ ದಿನ ಹೇಗೆಂದು ನೀನು ಕಂಡಿದ್ದೀ. ಹೊಟ್ಟೆಗೆ ಹಾಕಿದ ನಳಿಗೆಯಿಂದ ಒಂದು ಚೀಲ ಔಷಧದ ನೀರು ತುಂಬಿಸುವುದು, ತಾಸುಗಟ್ಟಲೆ ಬಿಟ್ಟು, ರಕ್ತದ ಹೊಲಸು ಹೀರಿದ ಆ ನೀರನ್ನು ಇಳಿಸುವುದು. ನಸುಕಿನ ಐದಕ್ಕೆ ಒಂದು ಚೀಲ, ಅಂಗನವಾಡಿಯಿಂದ ಬಂದ ಮೇಲೆ ಒಂದು, ಮಲಗುವ ಮುಂಚೆ ಒಂದು. ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ, ಮಾಸ್ಕ್ ಕಟ್ಟಿ, ಕೈ ತೊಳೆದೇ ಮುಟ್ಟುತ್ತೇನೆ. ಎರಡು ವರ್ಷದಲ್ಲಿ ಒಮ್ಮೆಯೂ ಹೊಟ್ಟೆಗೆ ಸೋಂಕು ತಗಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ನರ್ಸ್ ಶೈಸ್ತಾ ಹೊಸಬರಿಗೆಲ್ಲ "ಹೆಂಗ ಮಾಡಬೇಕಂತ ಅನಸುಬಾಯಿ ಆಂಟಿಗ ಕೇಳ್ರಿ" ಅನ್ನುತ್ತಾಳೆ. ಜಂಭವೆಂದರೆ ಜಂಭ, ನನಗೆ ಅದು ಕೇಳಲು ಹಿತ.

ನಾಲ್ಕನೆಯದು ಬಂದರೆ ನಡು ಮಧ್ಯಾಹ್ನಕ್ಕೇ ಬರಬೇಕು. ನನ್ನ ಇಪ್ಪತ್ತೆಂಟು ಮಕ್ಕಳು ಊಟಕ್ಕೆ ಕೂಡುವ ಹೊತ್ತು ಅದು. ಆ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾನೆಲ್ಲಿ ಕೂಡಲಿ? ಮೂವತ್ತೊಂದು ವರ್ಷದ ಕೆಲಸ ಹೋದಂತೆಯೇ.

ಡೋಸ್ ಸಾಕೋ ಸಾಲದೋ ಎಂದು ತಿಳಿಯಲು ಒಂದು ಹಗಲು ಒಂದು ರಾತ್ರಿ ಹೊಟ್ಟೆಯಿಂದ ಇಳಿಸಿದ ನೀರನ್ನೂ, ಅಷ್ಟೂ ಹೊತ್ತಿನ ಮೂತ್ರವನ್ನೂ ಒಯ್ದು ಕೊಡಬೇಕು. ಹೋದ ತಿಂಗಳು ನೀರಿನ ಚೀಲ ಮೂರೂ ಒಯ್ದೆ. ಮೂತ್ರದ ಕ್ಯಾನನ್ನು ಮಾತ್ರ ಮನೆಯಲ್ಲೇ ಚೆಲ್ಲಿದೆ. ಶೈಸ್ತಾ ಕೇಳಿದಾಗ "ಬರೋದೇ ಇಲ್ಲವ್ವಾ" ಅಂದೆ. ಅವಳು ಪಾಪ, ಸೊನ್ನೆ ಬರೆದಳು.

ಯಾಕೆ ಹಾಗೆ ಮಾಡಿದೆ ಅಂತೀಯಾ? ನನ್ನ ಅವ್ವ ಗೌಡರ ಓಣಿಯ ಹೊಲಸನ್ನು ಬುಟ್ಟಿಯಲ್ಲಿ ಹೊತ್ತವಳು. ಅವಳು ಬರುತ್ತಿದ್ದರೆ ಮಂದಿ ಮೂಗು ಮುಚ್ಚಿಕೊಂಡು ಗೋಡೆಗೆ ಸರಿಯುತ್ತಿದ್ದರು. ಆ ಬುಟ್ಟಿ ಬಿಸಾಡಿದ ದಿನವೇ ನನ್ನ ಕೈಗೆ ಪಾಟಿ-ಬಳಪ ಕೊಟ್ಟು, "ಇಂಥಾದ್ದು ನೀ ಎಂದೂ ಹಿಡೀಬ್ಯಾಡ" ಅಂದಿದ್ದಳು. ಇವತ್ತು ಅದೇ ಓಣಿಯ ಕೂಸುಗಳು ನನ್ನ ಕೈಯಿಂದ ಅನ್ನ ಬಡಿಸಿಕೊಂಡು ಉಣ್ಣುತ್ತವೆ. ಅಂಥವಳು ತುಂಬಿದ ರೈಲಿನಲ್ಲಿ ಮೂತ್ರದ ಕ್ಯಾನ್ ಹಿಡಿದು ಕೂಡಲೇ? ನನ್ನದೇ ಆದರೂ ನನ್ನಿಂದಾಗಲಿಲ್ಲ.

ಡಾಕ್ಟರಮ್ಮ ರಿಪೋರ್ಟ್ ನೋಡಿದರು, ನನ್ನ ಮೋರೆ ನೋಡಿದರು. "ಲೆಕ್ಕ ನೋಡಿದ್ರ ಡೋಸ್ ಭಾಳ ಕಮ್ಮಿ ಅದ. ನಿಮಗ ಕೇಳಿದ್ರ ಊಟ ಚಲೋ, ನಿದ್ದಿ ಚಲೋ ಅಂತೀರಿ, ಕಾಲೂ ಬಾತಿಲ್ಲ. ಏನರ ಬಿಟ್ಟು ಬಂದೀರೇನು?" ಎಂದರು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಆಗ ಚೀಟಿಯಲ್ಲಿ ನಾಲ್ಕು ಎಂದು ಬರೆಯುತ್ತ ಹೇಳಿದರು, ಕಿಡ್ನಿ ಸ್ವಲ್ಪವಾದರೂ ಮೂತ್ರ ಮಾಡುತ್ತಿದ್ದರೆ ಆ ಕೆಲಸವೂ ಡೋಸಿನ ಲೆಕ್ಕಕ್ಕೆ ಬರುತ್ತದೆ, ಕಡಿಮೆ ಚೀಲ ಸಾಕಾಗುತ್ತದೆ ಎಂದು. ನಾನು ಚೆಲ್ಲಿದ್ದೂ ಲೆಕ್ಕಕ್ಕಿತ್ತೆಂದು ಆಗ ತಿಳಿಯಿತು. ಹಿಂದೆ ಹತ್ತು ಜನ ಪಾಳಿಗೆ ನಿಂತಿದ್ದರು, ಅವರೆದುರು ಹೇಳಲು ನಾಚಿ ಚೀಟಿ ತೆಗೆದುಕೊಂಡು ಹೊರಬಂದೆ.

ಮನೆಗೆ ಬಂದು ರಾಜೀನಾಮೆ ಬರೆದೆ. ನಿಮ್ಮಪ್ಪ ಅದನ್ನು ಓದಿ, "ಖರೇ ಹೇಳು, ಏನು ಮುಚ್ಚಿಟ್ಟಿ?" ಅಂದರು. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ರಾಜೀನಾಮೆಯನ್ನು ಹರಿದು ಒಲೆಗೆ ಹಾಕಿದರು.

ಹೋದ ವಾರ ಮತ್ತೆ ಹೋದೆವು. ಈ ಸಲ ಕ್ಯಾನನ್ನು ನಾನೇ ಕೈಯಲ್ಲಿ ಹಿಡಿದು, ತಲೆ ಎತ್ತಿ ಹೋದೆ. ಶೈಸ್ತಾಳಿಗೆ ಹೋದ ಸಲ ಚೆಲ್ಲಿದ ಕಥೆ ಹೇಳಿದೆ, ಅವಳು ಅಳೆದಳು. ಆರುನೂರ ಐವತ್ತು ಎಂ.ಎಲ್.! "ಅಯ್ಯ ಆಂಟಿ, ಇಷ್ಟು ಆಸ್ತಿ ಚೆಲ್ಲಿ ಬಂದಿದ್ರೇನು!" ಎಂದು ಹಣೆ ಬಡಿದುಕೊಂಡಳು. ರಿಪೋರ್ಟ್ ಬಂದ ಮೇಲೆ ಡಾಕ್ಟರಮ್ಮ ನಾಲ್ಕನ್ನು ಹೊಡೆದುಹಾಕಿ ಮೂರು ಎಂದು ಬರೆದರು. "ಟೀಚರಾಗಿ ಸುಳ್ಳು ಹೇಳ್ತೀರೇನ್ರಿ?" ಎಂದು ಎಲ್ಲರೆದುರು ಬೈದರು ಕೂಡ. ಬೈಸಿಕೊಂಡು ಇಷ್ಟು ಖುಷಿಯಾದದ್ದು ಅದೇ ಮೊದಲು. ಮೂರು ತಿಂಗಳಿಗೊಮ್ಮೆ ಮತ್ತೆ ಒಯ್ಯಬೇಕು. ಮೂತ್ರ ಕಡಿಮೆಯಾಗುತ್ತ ಹೋದರೆ ನಾಲ್ಕನೆಯದು ಬಂದೇ ಬರುತ್ತದಂತೆ. ಬರಲಿ, ಆಗಿನದನ್ನು ಆಗ ನೋಡೋಣ. ನಾಳೆಯಂತೂ ನನ್ನ ಮಕ್ಕಳಿಗೆ ನಾನೇ ಬಡಿಸುತ್ತೇನೆ.

ಇಂತಿ ನಿನ್ನ ಅವ್ವ,
ಅನಸುಬಾಯಿ ಧರ್ಮಣ್ಣ
ಅಂಗನವಾಡಿ ಕಾರ್ಯಕರ್ತೆ (ಈಗಲೂ)

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕ್ಯಾನ್ ಹಿಡಿದದ್ದು ನಾನಲ್ಲ. ಹೊಸ್ತಿಲು ದಾಟುವಾಗಲೇ ಅದನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ ನಿಮ್ಮಪ್ಪ ಅದನ್ನು ಕಸಿದುಕೊಂಡರು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ವಾಡಿ ಸ್ಟೇಷನ್ನಿನಲ್ಲಿ, ಹಿಂದೆ ರೈಲ್ವೆಯಲ್ಲಿ ಅವರ ಜೊತೆ ದುಡಿದಿದ್ದ ದೇವೀಂದ್ರಪ್ಪ ಹತ್ತಿ ಎದುರಿಗೇ ಕುಳಿತ. "ಏನದು ಧರ್ಮಣ್ಣಾ, ಎಣ್ಣಿಯೇನು?" ಅಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ನಿಮ್ಮಪ್ಪ ಇಡೀ ಬೋಗಿಗೆ ಕೇಳುವಂತೆ ಹೇಳಿದರು: "ಇಲ್ಲಪ್ಪ, ನನ್ನ ಹೇಣ್ತಿ ಮೂತ್ರ. ಅಕಿ ಕಿಡ್ನಿ ಇನ್ನಾ ದುಡ್ಯಾಕತ್ತದ. ಡಾಕ್ಟರಿಗೆ ತೋರಿಸ್ಲಾಕ ಒಯ್ಯಾಕತ್ತೀನಿ." ದೇವೀಂದ್ರಪ್ಪ ತನ್ನ ಕೈಚೀಲ ಕೆಳಗಿಟ್ಟು, ಪಕ್ಕಕ್ಕೆ ಸರಿದು, ಸೀಟಿನ ಮೇಲೆ ಕ್ಯಾನಿಗೆ ಜಾಗ ಮಾಡಿಕೊಟ್ಟ.